ಕೊಡೆಕಡ್ಡಿಯ ಮೇಲಿನ ರೈಲು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಗಂಗಕ್ಕನ ಹೊಸ ಮನೆ ಎದ್ದು ನಿಂತು, ಸುಣ್ಣ ಬಳಿಸಿಕೊಂಡು, ಬಾಗಿಲಿಗೆ ಬೀಗ ಹಾಕಿಸಿಕೊಂಡು ಸುಮ್ಮನೆ ಕೂತಿತ್ತು. ಗಂಗಕ್ಕ ಮತ್ತು ಆಕೆಯ ಗಂಡ ಗಾಳೆಪ್ಪ ಪಕ್ಕದ ಓಣಿಯ ಬಾಡಿಗೆ ಮನೆಯಲ್ಲೇ ಇದ್ದರು. ಆ ಮನೆಯ ಅಡುಗೆಮನೆಯಲ್ಲಿ ಹೊಗೆ ಹೋಗಲು ಕಿಂಡಿಯಿರಲಿಲ್ಲ. ಗಂಗಕ್ಕ ದಿನಕ್ಕೆರಡು ಸಲ ಕಣ್ಣು ಒರೆಸಿಕೊಳ್ಳುತ್ತ ರೊಟ್ಟಿ ಬಡಿಯುತ್ತಿದ್ದಳು. ಸ್ವಂತ ಮನೆಯಿದ್ದೂ ಇದೇನು ಹಟ ಎಂದು ಕೇಳಿದವರಿಗೆಲ್ಲ ಆಕೆಯದು ಒಂದೇ ಉತ್ತರ.

"ಹೊಸಾ ಒಲಿ ಮ್ಯಾಲೆ ನಮ್ಮವ್ವನ ಕೈಲೆ ಹಾಲು ಉಕ್ಕಬೇಕು. ಅಲ್ಲೀತನಕ ನಾ ಆ ಹೊಸಲು ದಾಟಂಗಿಲ್ಲ."

ಅವ್ವನೆಂದರೆ ಸಿರುಗುಪ್ಪದ ಉಚ್ಚೆಂಗೆಮ್ಮ. ಮುಪ್ಪಾಗಿ, ಕೈಲಾಗದೆ ಮನೆ ಹಿಡಿದ ಹೆಂಗಸಲ್ಲ. ಬೆಳಗಾದರೆ ಗದ್ದೆಯ ಬದುವಿನ ಮೇಲೆ ಇಬ್ಬರು ಗಂಡುಮಕ್ಕಳಿಗಿಂತ ಮುಂದೆ ನಡೆಯುವಾಕೆ. ಬಳ್ಳಾರಿ ಕಾಶಿಯಷ್ಟು ದೂರವೂ ಅಲ್ಲ. ಬಸ್ಸು ಮನಸ್ಸು ಮಾಡಿದರೆ ಅರ್ಧ ದಿನದ ದಾರಿ. ಆದರೂ ಮಗಳನ್ನು ಕೊಟ್ಟಾಗಿನಿಂದ ಆಕೆ ಒಂದು ಸಲವೂ ಅಳಿಯನ ಮನೆಗೆ ಕಾಲಿಟ್ಟಿರಲಿಲ್ಲ. ಇದಕ್ಕೆಲ್ಲ ಕಾರಣ ಒಂದು ಬಸ್ಸು ಮತ್ತು ಒಂದು ಉದ್ದ ನಾಲಿಗೆ.

ಗಂಗಕ್ಕನ ಮದುವೆ ನಡೆದದ್ದು ದೊಡ್ಡ ಯುದ್ಧದ ಕಾಲದಲ್ಲಿ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತ ತಿರುಗುತ್ತಿದ್ದವು. ಬಳ್ಳಾರಿಯಿಂದ ಹೊರಟ ಗಂಡಿನ ಕಡೆಯವರ ಬಸ್ಸು ಎರೆಮಣ್ಣಿನಲ್ಲಿ ಹೂತುಕೊಂಡಿತು. ಎಬ್ಬಿಸಿದರೆ ಇನ್ನೊಂದು ಹಳ್ಳದಲ್ಲಿ ಕೂತಿತು. ಬೀಗರೆಲ್ಲ ಜರಿಪಂಚೆ ಎತ್ತಿಕಟ್ಟಿ ಅದನ್ನು ನೂಕುತ್ತ ನೂಕುತ್ತ ಸಿರುಗುಪ್ಪ ಮುಟ್ಟಿಸಿದರು. ಮೊಣಕಾಲಮಟ್ಟ ಕೆಸರು ಮೆತ್ತಿಕೊಂಡು ಇಳಿದ ಗಾಳೆಪ್ಪನ ಸೋದರತ್ತೆ ಜಂಬಮ್ಮ, ಕಾಲಿಗೆ ನೀರು ಕೊಡಲು ಬಂದ ಹೆಣ್ಣಿನ ಕಡೆಯವರ ಎದುರಿಗೇ ನಾಲಿಗೆ ಹರಿಯಬಿಟ್ಟಳು.

"ರೈಲಿಲ್ಲದ ಊರಿನ ಹೆಣ್ಣು ಮಾಡ್ಕೊಂಡ್ವಿ ನೋಡ್ರಿ. ಬಸ್ಸು ನಮ್ಮನ್ನ ತರಲಿಲ್ಲ, ಬಸ್ಸನ್ನ ನಾವು ತಂದ್ವಿ."

ಎಲ್ಲರೂ ನಕ್ಕರು. ತಂಬಿಗೆ ಹಿಡಿದು ನಿಂತಿದ್ದ ಉಚ್ಚೆಂಗೆಮ್ಮ ಮಾತ್ರ ನಗಲಿಲ್ಲ. ಮಾರನೆಯ ದಿನ ಹೆಂಡತಿಯ ಹೆಸರು ಹೇಳುವ ಶಾಸ್ತ್ರ ಬಂತು. ಹೆಣ್ಣು ಕೊಟ್ಟ ಅತ್ತೆ ಮುಖ ಗಂಟು ಹಾಕಿಕೊಂಡಿದ್ದನ್ನು ಕಂಡಿದ್ದ ಮದುಮಗ ಗಾಳೆಪ್ಪ, ಗಾಯಕ್ಕೆ ಎಣ್ಣೆ ಸವರುವ ಒಳ್ಳೆಯ ಮನಸ್ಸಿನಿಂದ ಒಂದು ಒಡಪು ಕಟ್ಟಿದ:

"ಬಳ್ಳಾರಿ ಗುಡ್ಡದ ಬುಡಕ ಸಿಳ್ಳು ಹೊಡೀತೈತಿ ರೈಲು, ಗಂಗಾನ ಊರಿಗೂ ತರತೀನದನ್ನ, ತಿಳೀಬ್ಯಾಡ್ರಿ ಡೌಲು."

ಹೆಂಗಸರು ಭಲೆ ಎಂದರು. ಉಚ್ಚೆಂಗೆಮ್ಮ ಅಳಿಯನೊಡನೆ ನೇರ ಮಾತಾಡುವಾಕೆಯಲ್ಲ. ಅದು ಆ ಮನೆಯ ಪದ್ಧತಿ. ಎದುರಿಗೇ ಕೂತಿದ್ದರೂ ಮಾತು ಮಗಳ ಮುಖಾಂತರವೇ ಹೋಗಬೇಕು. "ನಿನ್ನ ಗಂಡಗ ಹೇಳವ್ವ," ಎಂದಳು, "ರೈಲು ನಮ್ಮೂರಿಗೆ ಬಂದ ದಿನ ನಾ ಅವರ ಊರಿಗೆ ಬರ್ತೀನಿ. ಅದೂ ಬಸ್ಸಿನಂಗ ನೂಕಿಸ್ಕೊಂಡು ಬರಬಾರದು. ಯಾರೂ ಕೈ ಹಚ್ಚದ, ತಾನ ಬರಬೇಕು."

ಅದನ್ನು ಬೀಗರ ಕುಶಾಲು ಎಂದುಕೊಂಡು ಎಲ್ಲರೂ ಹೋಳಿಗೆ ತಿಂದು ಎದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಉಚ್ಚೆಂಗೆಮ್ಮ ಆಡಿದ್ದು ಹೋಗಲಿಲ್ಲ, ಗೂಟ ಹೊಡೆದುಕೊಂಡು ನಿಂತುಬಿಟ್ಟಿತು. ಬಾಣಂತನಕ್ಕೆ ಗಂಗಕ್ಕ ತವರಿಗೆ ಹೋದಾಗ ಎಣ್ಣೆ ನೀರು, ಖಾರ, ಕಾಯಿಸಿದ ತುಪ್ಪ ಯಾವುದಕ್ಕೂ ಕೊರತೆ ಇರುತ್ತಿರಲಿಲ್ಲ. ಆದರೆ ಹೊರಡುವಾಗ "ಯವ್ವಾ, ನೀನೂ ಬಾ" ಎಂದರೆ ಮುದುಕಿ ಎಲೆಯಡಿಕೆ ಚೀಲದ ಬಾಯಿ ಬಿಗಿಯುತ್ತ, "ರೈಲು ಬಂತೇನು?" ಎನ್ನುವಳು.

ರೈಲಿನ ವಿಷಯಕ್ಕೆ ಬಂದರೆ ಗಾಳೆಪ್ಪನೂ ಕಡಿಮೆ ಆಸಾಮಿಯಲ್ಲ. ಬ್ರೂಸ್‌ಪೇಟೆಯಲ್ಲಿ ಅವನದು ಗಡಿಯಾರ ಮತ್ತು ಗ್ರಾಮಫೋನ್ ರಿಪೇರಿ ಅಂಗಡಿ. ಹೊಟ್ಟೆಗೆ ಗಡಿಯಾರ, ತಲೆಗೆ ರೈಲು. ಸೀಮೆಎಣ್ಣೆ ಡಬ್ಬದ ತಗಡು ಕತ್ತರಿಸಿ ಮೊಳದುದ್ದದ ಎಂಜಿನ್ ಮಾಡಿದ್ದ. ಪೌಡರ್ ಡಬ್ಬಿ ಅದರ ಬಾಯ್ಲರು, ಹೊಟ್ಟೆಯೊಳಗೆ ಹಳೆಯ ಗ್ರಾಮಫೋನಿನ ಸ್ಪ್ರಿಂಗು. ಕೀಲಿ ಕೊಟ್ಟು ಬಿಟ್ಟರೆ ನಾಲ್ಕು ಡಬ್ಬಿ ಎಳೆದುಕೊಂಡು ಓಡುತ್ತಿತ್ತು. ಚಿಮಣಿಯಲ್ಲಿ ಒಂದು ಊದುಬತ್ತಿ ತುಂಡು ಸಿಕ್ಕಿಸಿದರೆ ಹೊಗೆಯೂ ಬರುತ್ತಿತ್ತು, ಮನೆಗೆ ಪರಿಮಳವೂ ಆಗುತ್ತಿತ್ತು. ಹಳಿಗೆ ಅವನು ಕಂಡುಕೊಂಡಿದ್ದು ಕೊಡೆಯ ಕಡ್ಡಿ. ಬಳ್ಳಾರಿಯಲ್ಲಿ ಕೊಡೆ ಹರಿಯುವುದು ಮಳೆಗಲ್ಲ, ಬಿಸಿಲಿಗೆ. ಬಟ್ಟೆ ಪುಡಿಯಾದರೂ ಕಡ್ಡಿ ತುಕ್ಕು ಹಿಡಿಯುವುದಿಲ್ಲ. ಊರಿನ ಸತ್ತ ಕೊಡೆಗಳೆಲ್ಲ ಅವನ ಅಂಗಡಿಗೆ ಬಂದು ಸದ್ಗತಿ ಪಡೆಯುತ್ತಿದ್ದವು.

ಒಮ್ಮೆ ಗ್ರಾಮಫೋನ್ ಸಾಮಾನು ತರಲು ಮದ್ರಾಸಿಗೆ ಹೋದವನು ಅಲ್ಲಿಯ ಕರೆಂಟಿನ ರೈಲು ನೋಡಿ ಹುಚ್ಚೇ ಹಿಡಿಸಿಕೊಂಡು ಬಂದ. "ಎಂಜಿನ್ನ ಇಲ್ಲ ಲೇ ಗಂಗಾ. ಡಬ್ಬಿನ ಎಂಜಿನ್ನು. ಆ ತುದಿಗೂ ತಲಿ, ಈ ತುದಿಗೂ ತಲಿ, ಎರಡು ತಲಿ ಹಾವಿನಂಗ. ತಿರುಗಿಸೋ ರಗಳೇನ ಇಲ್ಲ." ಕೂಡಲೇ ಅಂಥದ್ದೂ ಒಂದು ತಯಾರಾಯಿತು. ಮೂರು ಡಬ್ಬಿ, ಎರಡೂ ಕೊನೆಯ ಡಬ್ಬಿಗಳೊಳಗೆ ಒಂದೊಂದು ಸ್ಪ್ರಿಂಗು. ಒಂದು ಎಳೆದರೆ ಇನ್ನೊಂದು ಹಿಂದಿನಿಂದ ನೂಕಬೇಕು. ಯಾವ ಕಡೆ ಓಡಬೇಕೆಂದು ಹೇಳಲು ಪ್ರತಿ ಸ್ಪ್ರಿಂಗಿನ ಕೆಳಗೆ ಒಂದು ಪುಟ್ಟ ಕಡ್ಡಿ. ಗಾಳೆಪ್ಪ ಈಚೆಗೆ ಅದನ್ನು ಯಾರಿಗೂ ತೋರಿಸದೆ ಟ್ರಂಕಿನಲ್ಲಿ ಇಟ್ಟಿದ್ದ. ಯಾಕೆಂದರೆ ನೋಡಿದವರೆಲ್ಲ ಮೊದಲು ಕೇಳುತ್ತಿದ್ದುದು ಒಂದೇ: "ಎಂಜಿನ್ ಎಲ್ಲಿ ಬಿಟ್ಟ್ರಿ?"

ಒಂದು ಭಾನುವಾರ ಗಂಗಕ್ಕ ಒಲೆ ಊದಿ ಊದಿ ಸಾಕಾಗಿ ಪಡಸಾಲೆಗೆ ಬಂದು ಕೂತಿದ್ದಾಗ ಗಂಡನ ರೈಲು ಮಂಚದ ಕೆಳಗಿಂದ ಹೊರಟು ಒಳಕಲ್ಲನ್ನು ಸುತ್ತಿ ಆಕೆಯ ಕಾಲ ಬಳಿ ಬಂದು ನಿಂತಿತು. ಆಗ ಆಕೆಗೆ ಹೊಳೆಯಿತು. ಅವ್ವ ರೈಲು ಬರಬೇಕು ಅಂದಿದ್ದಾಳೆ. ಎಷ್ಟು ದೊಡ್ಡ ರೈಲು ಅಂತ ಹೇಳಿಲ್ಲ.

ಮುಂದಿನ ವಾರವೇ ಆಕೆ ಸಿರುಗುಪ್ಪಕ್ಕೆ ಹೋಗಿ ತಾಯಿಯ ಎದುರು ವಾದ ಮಂಡಿಸಿದಳು. ಉಚ್ಚೆಂಗೆಮ್ಮ ಬಹಳ ಹೊತ್ತು ಎಲೆ ಜಗಿದಳು. ಅವಳ ಕಣ್ಣಿನ ಮೂಲೆಯಲ್ಲಿ ನಗು ಬಂದು ಹೋದದ್ದನ್ನು ಗಂಗಕ್ಕ ನೋಡಿದಳೋ, ನೋಡಿದೆನೆಂದುಕೊಂಡಳೋ.

"ಗೊಂಬಿ ರೈಲು ಅಂತೀಯೇನು? ಆತು, ತಾ. ಆದ್ರ ಬಳ್ಳಾರಿ ಅಂತ ಬೋರ್ಡಿರೋ ಕಡಿಂದ ಹೊಂಟು ಸಿರುಗುಪ್ಪ ಅಂತ ಬೋರ್ಡಿರೋ ಕಡಿ ಬಂದು ಮುಟ್ಟಬೇಕು. ಒಂದ ಸಲ ಕೀಲಿ. ಬಳ್ಳಾರಿ ಬಿಟ್ಟ ಮ್ಯಾಲೆ ಯಾರೂ ಕೈ ಹಚ್ಚಂಗಿಲ್ಲ. ತಪ್ಪಿದ್ರ ಇನ್ನ ಮ್ಯಾಲೆ ಈ ಮಾತು ಎತ್ತಬಾರದು ನೋಡು."

ಗಂಗಕ್ಕ ಕುಣಿಯುತ್ತ ಬಳ್ಳಾರಿಗೆ ವಾಪಸಾದಳು. ಇಪ್ಪತ್ತು ಮೊಳದ ನೇರ ದಾರಿ ಹಾಸಿದರೆ ಎಂಜಿನ್ನಿಗೆ ಅದು ಹುಡುಗಾಟ ಎಂದು ಗಾಳೆಪ್ಪ ಎದೆ ತಟ್ಟಿಕೊಂಡ. ಮೂರು ಬೋರ್ಡು ಬರೆಸಿದ: ಬಳ್ಳಾರಿ, ಕುರುಗೋಡು, ಸಿರುಗುಪ್ಪ. ಎರಡೂ ರೈಲು, ಹಳಿ, ಬೋರ್ಡುಗಳನ್ನೆಲ್ಲ ಟ್ರಂಕಿಗೆ ತುಂಬಿ, ಮಕ್ಕಳನ್ನು ಜಂಬಮ್ಮನ ಹತ್ತಿರ ಬಿಟ್ಟು, ಗಂಡಹೆಂಡಿರು ಬಸ್ಸು ಹತ್ತಿದರು.

ಎಲ್ಲ ಕೆಟ್ಟಿದ್ದು ಕುರುಗೋಡಿನಲ್ಲಿ. ಬಸ್ಸಿನ ಟೈರು ಪಂಕ್ಚರಾಗಿ ಜನ ಇಳಿದು ಗುಡ್ಡದ ನೆರಳಿಗೆ ಕೂತರು. ಗಾಳೆಪ್ಪನ ಕೈ ಸುಮ್ಮನಿರುವ ಜಾತಿಯದಲ್ಲ. ಕಟ್ಟೆಯ ಮೇಲೆ ನಾಲ್ಕು ಕಡ್ಡಿ ಹಾಸಿ, 'ಕುರುಗೋಡು' ಬೋರ್ಡು ನಿಲ್ಲಿಸಿ, ಎಂಜಿನ್ ಓಡಿಸಿಯೇಬಿಟ್ಟ. ಊರು ಕೂಡಿತು. ಒಬ್ಬ ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ಬೋರ್ಡು ಓದಿಸಿಕೊಂಡು, "ಏನ್ರೀ ಇದು?" ಎಂದ. ಆಟದ ಸಾಮಾನು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾಲ್ಕು ಜನ ಸೇರಿದ ಕಡೆ ಗಾಳೆಪ್ಪನಿಗೆ ಸ್ವಲ್ಪ ದೊಡ್ಡ ಮಾತೇ ಬರುತ್ತಿತ್ತು.

"ಮಾಡೆಲ್," ಎಂದ.

ಆ ಸೀಮೆಯಲ್ಲಿ ಆಗ ಆ ಮಾತಿಗೆ ಬೇರೆಯೇ ತೂಕವಿತ್ತು. ಕೆಲವು ವರ್ಷದ ಕೆಳಗೆ ಬಳ್ಳಾರಿಯ ವಸ್ತುಪ್ರದರ್ಶನದಲ್ಲಿ ಗಾರೆಯಲ್ಲಿ ಮಾಡಿದ ತುಂಗಭದ್ರೆಯ ಅಣೆಕಟ್ಟು ಇಟ್ಟಿದ್ದರು. ತಂಬಿಗೆಯಲ್ಲಿ ನೀರು ಹೊಯ್ದು ತೋರಿಸುತ್ತ "ಇದು ಮಾಡೆಲ್" ಎಂದಿದ್ದರು. ಮಕ್ಕಳಾಟಿಕೆ ಎಂದು ಜನ ನಕ್ಕು ಬಂದಿದ್ದರು. ಈಗ ನೋಡಿದರೆ ಅಲ್ಲಿ ನದಿಗೆ ಅಡ್ಡಲಾಗಿ ನಿಜವಾದ ಗೋಡೆ ಏಳುತ್ತಿತ್ತು. ಕಾಲುವೆಗೆಂದು ಹೊಲಹೊಲದಲ್ಲಿ ಸರ್ವೆ ಕಲ್ಲು ಬೀಳುತ್ತಿದ್ದವು. ಮಾಡೆಲ್ ಎಂದರೆ ಸರ್ಕಾರದ್ದು, ಇವತ್ತು ಮಾಡೆಲ್ ಬಂದರೆ ನಾಳೆ ನಿಜವಾದದ್ದು ಬರುತ್ತದೆ ಎಂದು ಎಲ್ಲರಿಗೂ ಗೊತ್ತಾಗಿಹೋಗಿತ್ತು. ಟೈರು ಕಟ್ಟಿ ಬಸ್ಸು ಹೊರಡುವಷ್ಟರಲ್ಲಿ ಸುದ್ದಿ ಸೈಕಲ್ಲು ಹತ್ತಿ ಮುಂದೆ ಹೋಗಿತ್ತು. ಸಿರುಗುಪ್ಪದಲ್ಲಿ ಇಳಿದಾಗ ಗಾಳೆಪ್ಪನ ಕೊರಳಿಗೆ ಹಾರ ಬಿತ್ತು.

ಹಾರ ಹಾಕಿದವನು ಮರಿಬಸಪ್ಪ. ಊರಿನ ಅಕ್ಕಿ ಗಿರಣಿಯ ಧಣಿ, ಊರ ಮುಂದಿನ ದೊಡ್ಡ ಹೊಲದ ಒಡೆಯ. "ನಮ್ಮ ಗಿರಣಿ ಗೋದಾಮು ಖಾಲಿ ಐತಿ, ಅಲ್ಲೇ ಹಾಸ್ರಿ," ಎಂದು ಜಾಗ ಕೊಟ್ಟ. ಕೊಟ್ಟವನು ಹಿಂದೆಯೇ ಮೆಲ್ಲಗೆ, "ಒಂದು ಮಾತು ಸಾಹೇಬ್ರ, ಹಳಿ ನಮ್ಮ ಹೊಲದ ನಡುವ ಹಾಯಬಾರದು. ಅಂಚಿನಾಗ ಬರಲಿ. ಸ್ಟೇಷನ್ ಬೇಕಾದ್ರ ಗಿರಣಿ ಹತ್ರ ಆಗಲಿ," ಎಂದ.

ಗಂಗಕ್ಕ ಗಾಬರಿಯಾದಳು. "ಇದು ಸರ್ಕಾರದ್ದಲ್ಲ ಮರಿಬಸಪ್ಪಣ್ಣ, ಮನ್ಯಾಗ ಆಡೋ ಸಾಮಾನು. ನಮ್ಮವ್ವನ ಸಲುವಾಗಿ ತಂದೀವಿ."

ಮರಿಬಸಪ್ಪ ಎಲ್ಲ ತಿಳಿದವನಂತೆ ತಲೆದೂಗಿದ. "ಸರ್ಕಾರದೋರು ಮೊದ್ಲು ಹಂಗ ಅಂತಾರವ್ವ. ಕಾಲುವಿಗೂ ಹಂಗ ಅಂದಿದ್ರು."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಲು ಸುತ್ತಲ ಸೀಮೆಯೆಲ್ಲ ಎದ್ದು ಬಂತು. ಕಾಲುವೆಯ ಕಲ್ಲು ಬಿದ್ದಾಗ ಬಾಯಿ ಬಿಡದೆ ಕೆಟ್ಟೆವು, ರೈಲಿಗಾದರೂ ಮುಂಚಿತವಾಗಿ ಹೇಳಿಬಿಡಬೇಕು ಎಂಬುದು ಎಲ್ಲರ ನಿಶ್ಚಯ. ಕರೂರಿನಿಂದ ಕಾಡಸಿದ್ದಪ್ಪ ಎಂಬ ರೈತ ಗಾಡಿ ಕಟ್ಟಿಕೊಂಡು ಬಂದ. ತನ್ನೂರಿನ ಭತ್ತ ಬಸ್ಸಿನ ತಲೆಮೇಲೆ ಹೋಗುವ ಕಷ್ಟವನ್ನು ಅವನು ಎಷ್ಟು ಚಂದವಾಗಿ ಹೇಳಿದನೆಂದರೆ ಗಾಳೆಪ್ಪನ ಕಣ್ಣಲ್ಲಿ ನೀರೇ ಬಂತು. "ಆತು, ಕರೂರಿಗೂ ಒಂದು ಸ್ಟೇಷನ್ ಇಡೋಣ," ಎಂದ. ಕರೂರಿಗೆ ಕೊಟ್ಟ ಮೇಲೆ ತೆಕ್ಕಲಕೋಟೆಯವರು ಬಿಟ್ಟಾರೆಯೇ? ಕುರುಗೋಡಿನವರು ಬಂದು ಹಳಿ ಗುಡ್ಡವನ್ನು ಪೂರ್ತಿ ಒಂದು ಸುತ್ತು ಹಾಕಲಿ, ಎರಡೂ ಓಣಿಯವರಿಗೆ ಅನುಕೂಲ ಎಂದರು. ಕೊನೆಗೆ ರೂಪನಗುಡಿಯವರೊಬ್ಬರೂ ಹಾಜರಾದರು. ಆ ಊರು ಸಿರುಗುಪ್ಪದ ದಾರಿಯಲ್ಲೇ ಇಲ್ಲ. ಆದರೂ ಗಾಳೆಪ್ಪನ ಬಾಯಿಗೆ ಇಲ್ಲ ಎಂಬ ಮಾತು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಜನ ಅವನನ್ನು ಸಾಹೇಬರೆಂದು ಕರೆಯುತ್ತಿದ್ದರು.

ಇಷ್ಟು ಊರಿಗೆ ಹಳಿ ಎಲ್ಲಿಂದ ತರುವುದು? ಅದಕ್ಕೂ ಅವನೇ ದಾರಿ ಹೇಳಿದ. ಸ್ಟೇಷನ್ ಬೇಕಾದ ಊರಿನವರು ಕೊಡೆ ತರಬೇಕು. ಕಾಡಸಿದ್ದಪ್ಪ ಹೊಸ ಕೊಡೆಯನ್ನೇ ತಂದು, ಬೀಗರ ಮದುವೆಗೆಂದು ಇಟ್ಟಿದ್ದೆ ಎಂದು ನಿಟ್ಟುಸಿರು ಬಿಟ್ಟು, ಊರಿನ ಹಿತಕ್ಕಾಗಿ ಮೊಣಕಾಲಿಗೆ ಹಾಕಿ ಮುರಿದ. ಆ ವಾರ ಸಿರುಗುಪ್ಪದಲ್ಲಿ ಜನ ತಲೆಗೆ ಟವೆಲ್ಲು ಹಾಕಿಕೊಂಡೇ ತಿರುಗಿದರು.

ಗೋದಾಮಿನ ನೆಲ ದಿನೇದಿನೇ ಬೆಳೆಯಿತು. ಹೆಂಗಸರು ರಂಗೋಲಿಯಲ್ಲಿ ಹಳ್ಳ ಬಿಟ್ಟರು, ಹಸಿರು ಪುಡಿ ಉದುರಿಸಿ ಗದ್ದೆ ಮಾಡಿದರು, ಕುರುಗೋಡಿನವರು ತಮ್ಮ ಗುಡ್ಡದ ಕಲ್ಲನ್ನೇ ಹೊತ್ತು ತಂದು ಗುಡ್ಡ ನಿಲ್ಲಿಸಿದರು. ಮರಿಬಸಪ್ಪ ತನ್ನ ಹೊಲದ ಗಡಿಗೆ ತಾನೇ ಕೂತು ಸುಣ್ಣದ ಗೆರೆ ಎಳೆದ. ಬಳ್ಳಾರಿ ಒಂದು ಮೂಲೆ, ಸಿರುಗುಪ್ಪ ಎದುರಿನ ಬಾಗಿಲ ಬಳಿ. ನಡುವೆ ಹಳಿ ಜಿಲೇಬಿಯಂತೆ ಸುತ್ತಿಕೊಂಡಿತು. ಎಲ್ಲರಿಗೂ ಸಂಭ್ರಮ. ಗಂಗಕ್ಕನಿಗೆ ಮಾತ್ರ ಒಂದೊಂದು ಕಡ್ಡಿ ಜೋಡಿಸಿದಾಗಲೂ ಹೊಸ ಮನೆಯ ಬೀಗಕ್ಕೆ ಇನ್ನೊಂದು ಬೀಗ ಬಿದ್ದಂತೆ ಅನಿಸುತ್ತಿತ್ತು.

"ಏನ್ರೀ, ನಿಮಗ ಹುಚ್ಚು ಗಿಚ್ಚು ಹಿಡಿದೈತೇನು?" ಎಂದು ಗಂಡನನ್ನು ಮೂಲೆಗೆ ಕರೆದು ಕೇಳಿದಳು. "ಊರೋರಿಗೆಲ್ಲ ಸ್ಟೇಷನ್ ಹಂಚಾಕ ಬಂದೀವೋ, ನಮ್ಮವ್ವನ್ನ ಕರಕೊಂಡು ಹೋಗಾಕ ಬಂದೀವೋ? ಇಷ್ಟು ದೂರ ನಿಮ್ಮ ಎಂಜಿನ್ ಓಡತೈತೇನು?"

"ಓಡಲಾರದೇನು," ಎಂದ ಗಾಳೆಪ್ಪ. ಜನ ಊಟಕ್ಕೆ ಹೋದಾಗ ಕದ ಹಾಕಿ ನೋಡಿದ. ಎಂಜಿನ್ ಕುರುಗೋಡಿನ ಗುಡ್ಡ ಸುತ್ತಿ, ತೆಕ್ಕಲಕೋಟೆಯ ಬೋರ್ಡಿನ ಮುಂದೆ ಉಸಿರು ಬಿಟ್ಟು ನಿಂತಿತು. ಅವನ ಮುಖವೂ ಅದರ ಜೊತೆ ನಿಂತುಹೋಯಿತು. ಕೊಟ್ಟ ಸ್ಟೇಷನ್ ಕಿತ್ತುಕೊಳ್ಳುವ ಹಾಗಿಲ್ಲ. ಮುರಿದ ಕೊಡೆಗಳ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

"ಕರೆಂಟ್ ರೈಲು ತಗೀರಿ," ಎಂದಳು ಗಂಗಕ್ಕ. "ಅದಕ್ಕ ಎರಡು ಸ್ಪ್ರಿಂಗ್ ಅದಾವಲ್ಲ."

ಗಾಳೆಪ್ಪ ಹೆಂಡತಿಯನ್ನು ನೋಡಿದ. ತಾನು ಅದನ್ನು ಮಾಡುವಾಗ ಊಟಕ್ಕೆ ಬರಲಿಲ್ಲವೆಂದು ಬೈದವಳು ಇವಳೇ. "ಅದು ಮುಟ್ಟತೈತಿ," ಎಂದ ಕೊನೆಗೆ. "ಕಷ್ಟದಾಗ ಮುಟ್ಟತೈತಿ. ಆದ್ರ ಎರಡೂ ಪೂರಾ ಕೀಲಿ ಇರಬೇಕು, ಒಂದು ಸುತ್ತೂ ದಂಡ ಆಗಬಾರದು."

ಮಾರನೆಯ ಬೆಳಿಗ್ಗೆ ಗೋದಾಮು ತುಂಬಿತು. ಉಚ್ಚೆಂಗೆಮ್ಮ ಹಸಿರು ಇಳಕಲ್ ಸೀರೆಯುಟ್ಟು ಬಂದು ಸಿರುಗುಪ್ಪದ ಬೋರ್ಡಿನ ಪಕ್ಕ ಮಣೆಯ ಮೇಲೆ ಕೂತಳು. ಎಂಜಿನ್ನಿಲ್ಲದ ರೈಲನ್ನು ಕಂಡು ಜನರಲ್ಲಿ ಗುಜುಗುಜು ಎದ್ದಿತು. "ತಲಿನ ಇಲ್ಲಲ್ರೀ ಇದಕ್ಕ," ಎಂದ ಕಾಡಸಿದ್ದಪ್ಪ. ತಾನು ಮುರಿದದ್ದು ತಲೆಯಿರುವ ರೈಲಿಗೆ ಎಂಬ ಭಾವ ಅವನ ದನಿಯಲ್ಲಿತ್ತು.

"ಎರಡು ತಲಿ ಅದಾವು," ಎಂದ ಗಾಳೆಪ್ಪ. "ಮದ್ರಾಸಿನಾಗ ಇಂಥದ್ದ ಓಡತೈತಿ."

ಮದ್ರಾಸಿನಲ್ಲಿ ಓಡುತ್ತದೆಂದರೆ ಮುಗಿಯಿತು, ಅದು ಇನ್ನೂ ದೊಡ್ಡ ಸರ್ಕಾರದ್ದೇ. ಜನ ಒಪ್ಪಿದರು. ಹೊಸ ಬಂಡಿಗೆ ಪೂಜೆಯಾಗಬೇಕೆಂದು ಮರಿಬಸಪ್ಪ ಹಟ ಹಿಡಿದ. ಗಾಳೆಪ್ಪ ಎರಡೂ ಕಡೆ ಪೂರಾ ಕೀಲಿ ಕೊಟ್ಟು ರೈಲು ಹಿಡಿದು ಕೂತಿದ್ದಂತೆಯೇ ಅರಿಶಿನ, ಕುಂಕುಮ, ಹೂವು ಬಂದವು. ಗಾಲಿಯ ಕೆಳಗೆ ನಿಂಬೆಹಣ್ಣು ಇಡಬೇಕೆಂದರು. ಹಣ್ಣು ಗಾಲಿಗಿಂತ ದೊಡ್ಡದಿತ್ತು. ಬಹಳ ಚರ್ಚೆಯಾಗಿ ಕೊನೆಗೆ ಒಂದು ನಿಂಬೆಯ ಬೀಜ ಇಟ್ಟರು. ಈ ಗದ್ದಲದಲ್ಲಿ ಯಾರ ಕೈ ತಗುಲಿತೋ, ಸ್ವತಃ ಗಾಳೆಪ್ಪನೇ ಗಡಿಬಿಡಿಯಲ್ಲಿ ತಿರುವಿದನೋ, ಹಿಂದಿನ ಡಬ್ಬಿಯ ದಿಕ್ಕಿನ ಕಡ್ಡಿ ಉಲ್ಟಾ ತಿರುಗಿಕೊಂಡಿತ್ತು.

"ಹೂಂ, ಬಿಡ್ರಿ," ಎಂದಳು ಉಚ್ಚೆಂಗೆಮ್ಮ, ಗೋಡೆಯ ಕಡೆ ನೋಡಿಕೊಂಡು.

ಗಾಳೆಪ್ಪ ಕೈ ಬಿಟ್ಟ. ರೈಲು ಜ್ವರ ಬಂದವರಂತೆ ನಡುಗಿತು, ನಿಂತಲ್ಲೇ ನಿಂತಿತು. ಒಳಗಿನಿಂದ ಎರಡೂ ಸ್ಪ್ರಿಂಗು ಬಿಚ್ಚಿಕೊಳ್ಳುವ ಸದ್ದು ಗಿರ್ರೆಂದು ಕೇಳುತ್ತಿತ್ತು. ಗಾಲಿ ತಿರುಗುತ್ತಿವೆ, ಬಂಡಿ ಕದಲುತ್ತಿಲ್ಲ. ಗಾಳೆಪ್ಪ ಕಣ್ಣು ಪಿಳಿಪಿಳಿ ಮಾಡುತ್ತ ಕೂತುಬಿಟ್ಟ.

"ನಿನ್ನ ಗಂಡಗ ಹೇಳವ್ವ," ಎಂದಳು ಉಚ್ಚೆಂಗೆಮ್ಮ. "ಎತ್ತು ಏರಿಗಿ ಎಳದ್ರ ಕೋಣ ನೀರಿಗಿ ಎಳಿಯಾಕ ಹತ್ತೈತಿ."

ಗೋದಾಮು ಬಿದ್ದು ಬಿದ್ದು ನಕ್ಕಿತು. ಗಂಗಕ್ಕ ನಗಲಿಲ್ಲ, ಅವ್ವನ ಗಾದೆಯೇ ಆಕೆಗೆ ದಾರಿ ತೋರಿಸಿತು. "ಹಿಂದಿನ ಡಬ್ಬಿ ಕಡ್ಡಿ ತಿರುವ್ರಿ," ಎಂದು ಜನರ ನಡುವಿನಿಂದ ಕೂಗಿದಳು. ರೈಲು ಇನ್ನೂ ಬಳ್ಳಾರಿಯಲ್ಲೇ ಇತ್ತು, ಕೈ ಹಚ್ಚಲು ಅಡ್ಡಿಯಿರಲಿಲ್ಲ. ಗಾಳೆಪ್ಪ ಬೆರಳು ತೂರಿಸಿ ಕಡ್ಡಿ ತಿರುವಿದ. ಎತ್ತಿ ಇನ್ನೊಮ್ಮೆ ಕೀಲಿ ಕೊಡೋಣ ಎಂದುಕೊಳ್ಳುವಷ್ಟರಲ್ಲಿ ರೈಲು ಅವನ ಕೈ ಜಾರಿಸಿಕೊಂಡು ಹೊರಟೇಹೋಯಿತು.

ಹೊರಟ ಮೇಲೆ ಎಷ್ಟು ಚೆಂದ ಓಡಿತು. ರೂಪನಗುಡಿಯನ್ನು ಮುಟ್ಟಿ ತಿರುಗಿತು, ಕುರುಗೋಡಿನ ಗುಡ್ಡದ ಹಿಂದೆ ಮರೆಯಾಗಿ ಇನ್ನೊಂದು ಕಡೆ ಮುಖ ತೋರಿಸಿತು, ಆ ಊರಿನವರು ಕುಣಿದರು. ತೆಕ್ಕಲಕೋಟೆಯಲ್ಲಿ ಹೂವು ಬಿತ್ತು. ಕರೂರು ಬಂದಾಗ ಕಾಡಸಿದ್ದಪ್ಪ ಕೈಮುಗಿದೇ ನಿಂತಿದ್ದ, ಕೊಡೆ ಹೋದರೂ ಚಿಂತೆಯಿಲ್ಲ ಎನ್ನುವ ಹಾಗೆ. ಗಂಗಕ್ಕ ಮಾತ್ರ ಗಾಲಿಯ ಸದ್ದನ್ನೇ ಕೇಳುತ್ತಿದ್ದಳು. ಮನೆಯಲ್ಲಿ ಮಂಚದ ಕೆಳಗಿನಿಂದ ಅಷ್ಟು ದಿನ ಕೇಳಿದ ಸದ್ದು ಅದು. ಯಾವಾಗ ಅದು ತೆಳ್ಳಗಾಗುತ್ತದೆಂದು ಆಕೆಗೆ ಗೊತ್ತಿತ್ತು. ಮರಿಬಸಪ್ಪನ ಹೊಲದ ಅಂಚಿಗೆ ಬಂದಾಗ ತೆಳ್ಳಗಾಯಿತು. ಹಳಿ ಅಂಚಿನಲ್ಲಿ ಹೋಗಲು ಅಲ್ಲೊಂದು ಹೆಚ್ಚಿನ ತಿರುವು ಹಾಕಿದ್ದರು. ತಿರುವಿನಲ್ಲಿ ರೈಲು ತೂಕಡಿಸಿತು, ಸುಧಾರಿಸಿಕೊಂಡಿತು, ಹಸಿರು ಪುಡಿಯ ಪಕ್ಕ ಇನ್ನಷ್ಟು ಮುಂದೆ ತೆವಳಿತು, ನಿಂತಿತು.

ಸಿರುಗುಪ್ಪದ ಬೋರ್ಡಿಗೆ ಒಂದು ಗೇಣು ಉಳಿದಿತ್ತು.

ಅಷ್ಟು ಜನ ಇದ್ದ ಗೋದಾಮಿನಲ್ಲಿ ಗುಬ್ಬಿಗಳ ಸದ್ದು ಕೇಳಿಸಿತು. ಗಾಳೆಪ್ಪನ ಕೈ ತಾನಾಗಿಯೇ ಮುಂದೆ ಬಂದು ಹಿಂದಕ್ಕೆ ಹೋಯಿತು. "ಸ್ವಲ್ಪ ಊದ್ರಿ," ಎಂದು ಮರಿಬಸಪ್ಪ ಪಿಸುಗುಟ್ಟಿದ, "ಊದಿದ್ರ ಕೈ ಹಚ್ಚಿದಂಗಲ್ಲ."

"ಊದಿದ್ರೂ ನೂಕಿದಂಗ," ಎಂದಳು ಉಚ್ಚೆಂಗೆಮ್ಮ.

ಗಂಗಕ್ಕನಿಗೆ ಗಂಡನ ಮೇಲೆ ಸಿಟ್ಟು ಬಂತು, ಊರಿನವರ ಮೇಲೆ ಬಂತು, ಇಷ್ಟು ಹತ್ತಿರ ಬಂದು ನಿಂತ ತಗಡಿನ ಮೇಲೂ ಬಂತು. ಎಲ್ಲಕ್ಕಿಂತ ಹೆಚ್ಚಾಗಿ ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ತಾಯಿಯ ಮೇಲೆ ಬಂತು. ಒಂದು ಗೇಣನ್ನು ಬಿಟ್ಟುಕೊಡಲಾರದವಳು ಇವಳೆಂಥ ತಾಯಿ? ಇನ್ನು ಈ ಮಾತು ಎತ್ತುವ ಹಾಗಿಲ್ಲ. ಬಾಡಿಗೆ ಮನೆಯ ಹೊಗೆಯಲ್ಲೇ ಸಾಯುತ್ತೇನೆ, ಆದರೆ ಇವಳಿಲ್ಲದೆ ಆ ಮನೆಯ ಒಲೆ ಹಚ್ಚುವುದಿಲ್ಲ ಎಂದುಕೊಂಡು ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

ಉಚ್ಚೆಂಗೆಮ್ಮ ಮಣೆಯಿಂದ ಎದ್ದಳು. ಮನೆಗೆ ಹೊರಟಳು ಎಂದು ಜನ ದಾರಿ ಬಿಟ್ಟರು. ಆಕೆ ಬಾಗಿಲ ಕಡೆ ಹೋಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಬಗ್ಗಿ, 'ಸಿರುಗುಪ್ಪ' ಎಂದು ಬರೆದ ಬೋರ್ಡನ್ನು ಅದರ ಗೂಟ ಸಮೇತ ಕಿತ್ತಳು. ಒಂದು ಹೆಜ್ಜೆ ಮುಂದೆ ಬಂದು, ನಿಂತಿದ್ದ ರೈಲಿನ ಮೂತಿಯ ಪಕ್ಕದಲ್ಲಿ ಅದನ್ನು ನೆಟ್ಟಳು. ಗಟ್ಟಿಯಾಗಿ ಕೂತಿದೆಯೋ ಇಲ್ಲವೋ ಎಂದು ಅಲ್ಲಾಡಿಸಿ ನೋಡಿದಳು.

"ರೈಲಿಗೆ ಕೈ ಹಚ್ಚಬಾರದು ಅಂದಿದ್ದೆ," ಎಂದಳು. "ಊರಿಗೆ ಕೈ ಹಚ್ಚಬಾರದು ಅಂದಿದ್ನೇನು?"

ಮೊದಲು ಎಚ್ಚರಾದವನು ಮರಿಬಸಪ್ಪ. ಅವನ ಕಣ್ಣು ಸುಣ್ಣದ ಗೆರೆಯ ಮೇಲಿತ್ತು. "ಅದೇನೋ ಸರಿ ಅಮ್ಮಾ, ಆದ್ರ ಊರು ಈಗ ನನ್ನ ಹೊಲದೊಳಗ ಬಂತಲ್ಲ."

"ನಿನ್ನ ಹೊಲದಾಗ ನಾ ಇರಂಗಿಲ್ಲ ಬಿಡಪ್ಪ. ನಾಳೆ ಬೆಳಗಿನ ಬಸ್ಸಿಗೆ ಬಳ್ಳಾರಿಗೆ ಹೊಂಟೀನಿ."

ನಗು ಎದ್ದಿತು, ಚಪ್ಪಾಳೆ ಎದ್ದಿತು. ಸ್ಟೇಷನ್ನನ್ನು ಜರುಗಿಸಬಹುದೆಂದು ಗೊತ್ತಾದ ಕೂಡಲೇ ಕುರುಗೋಡಿನವರೂ ಕರೂರಿನವರೂ ತಮ್ಮ ತಮ್ಮ ಬೋರ್ಡುಗಳ ಕಡೆ ಓಡಿದರು. ಅವರನ್ನು ತಡೆಯಲು ಗಾಳೆಪ್ಪ ಹಿಂದೆ ಓಡಿದ. ಆ ಗದ್ದಲದ ನಡುವೆ ಗಂಗಕ್ಕ ಮತ್ತು ಅವಳ ತಾಯಿ ಇಬ್ಬರೇ ಉಳಿದರು.

"ನೀ ಹುಡುಗಿ ಇದ್ದಾಗಿಂದ ನಾನು ಜಗ್ಗಿದ ಕಡಿಗೆ ಬರೋ ಕೂಸಲ್ಲ," ಎಂದಳು ಉಚ್ಚೆಂಗೆಮ್ಮ. "ನಾನೂ ಅಲ್ಲ. ಇಷ್ಟು ವರ್ಷ ಇಬ್ಬರೂ ನಿಂತಲ್ಲೇ ಗಾಲಿ ತಿರುಗಿಸಿದ್ವಿ. ಒಂದ ಗೇಣು ಇತ್ತು ಗಂಗಾ. ನಾನ ಜರುಗಬೇಕಿತ್ತು, ಜರುಗಲಿಲ್ಲ."

ಗಂಗಕ್ಕ ಬಾಯಿಂದ ಸೆರಗು ತೆಗೆದು ಅವ್ವನ ಕೈ ಹಿಡಿದುಕೊಂಡಳು.

"ಅದಿರಲಿ ಬಿಡು. ನಿನ್ನ ಹೊಸಾ ಒಲಿ ಯಾವ ದಿಕ್ಕಿಗಿ ಮಕ ಮಾಡೈತಿ, ಅದನ್ನ ಹೇಳು ಮೊದ್ಲು."

ತಾನೇ ನಿಂತು ಕಟ್ಟಿಸಿದ ಒಲೆ. ಅದು ಮೂಡಣಕ್ಕಿತ್ತೋ ತೆಂಕಣಕ್ಕಿತ್ತೋ, ಆ ಕ್ಷಣಕ್ಕೆ ಗಂಗಕ್ಕನಿಗೆ ಯಾವ ದಿಕ್ಕೂ ನೆನಪಾಗಲಿಲ್ಲ. ಅವ್ವನ ಭುಜಕ್ಕೆ ಮುಖ ಒತ್ತಿ ಅತ್ತುಬಿಟ್ಟಳು.